ಜಾಯ್‌ಸ್ಟಿಕ್ಕು ಯಾರ ಕೈಗೆ?

ಮನುಷ್ಯ ಅಂದಮೇಲೆ ಯಾವುದಾದರೂ ಒಂದು ವಿಷಯದಲ್ಲಿ ಪಾಂಡಿತ್ಯ ಇರಬೇಕು ಅನ್ನುತ್ತಾರೆ. ನನಗೂ ಒಂದರಲ್ಲಿ ಇದೆ. ಮನೆಯ ಟಿ.ವಿ.ಗೆ ಜೋಡಿಸಿ ವಿಡಿಯೊ ಗೇಮ್ ಆಡುವುದಕ್ಕೆ ಎಂಥ ಜಾಯ್‌ಸ್ಟಿಕ್ ಕೊಳ್ಳಬೇಕು ಎಂಬುದನ್ನು ತೊಂಬತ್ತರ ದಶಕದ ಆರಂಭದಲ್ಲಿ ಇಡೀ ಚಿಕ್ಕೋಡಿ ತಾಲೂಕಿನಲ್ಲಿ ನನ್ನಷ್ಟು ತಿಳಿದವರು ಇರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ತಿಳಿದುಕೊಳ್ಳಬೇಕೆಂಬ ಆಸೆ ಬೇರೆ ಯಾರಿಗೂ ಇರಲಿಲ್ಲ, ಅಷ್ಟೇ. ಹಾಳೂರಿಗೆ ಉಳಿದವನೇ ಗೌಡ.

ಆಗ ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ರೇಡಿಯೊ, ಟೇಪು, ಟಿ.ವಿ. ರಿಪೇರಿ ಅಂಗಡಿ ಇತ್ತು. ಮನೆ ಕರೋಶಿಯಲ್ಲಿ. ದಿನಾ ಸೈಕಲ್ಲಿನ ಮೇಲೆ ಹೋಗಿ ಬರುತ್ತಿದ್ದೆ. ಮನೆಯಲ್ಲಿ ಅವ್ವ, ನಾನು, ಮತ್ತು ಅಥಣಿಯ ಗಂಡನ ಮನೆಯಿಂದ ತಿರುಗಿ ಬಂದಿದ್ದ ತಂಗಿ ಕುಸುಮಾ. ತಿರುಗಿ ಬಂದಿದ್ದ ಅಂತ ಬರೆದೆ, ಕಳಿಸಿದ್ದರು ಅಂತ ಬರೆಯಬೇಕಿತ್ತು. ಮದುವೆಯಾದ ಎರಡನೇ ವರ್ಷ ಆಕೆಯ ಕೈಯಿಂದ ತುಂಬಿದ ಕೊಡ ಜಾರಿ ಬಿತ್ತು. ಮೊದಲನೇ ಕೊಡಕ್ಕೆ ಗಂಡನ ಮನೆಯವರು ನಕ್ಕರು, ಎರಡನೆಯದಕ್ಕೆ ಬೈದರು, ಮೂರನೆಯದಕ್ಕೆ ಟ್ರಂಕಿನ ಸಮೇತ ತಂದು ಬಿಟ್ಟರು. 'ಕೈಯಾಗ ಕಸುವು ಬಂದಮ್ಯಾಲ ಬಂದು ಕರ್ಕೊಂಡು ಹೋಗ್ತೇವ್ರಿ' ಅಂದು ಚಹಾ ಕುಡಿದು ಹೋದರು. ಆಮೇಲೆ ಅವರ ಮುಖ ಕಂಡಿದ್ದು ಆಕೆಯ ಅಂತ್ಯಕ್ರಿಯೆಯ ದಿನವೇ.

ಮಿರಜಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಡಾಕ್ಟರು ಆಕೆಯನ್ನು ಹೊರಗೆ ಬೆಂಚಿನ ಮೇಲೆ ಕೂಡಿಸಿ, ನನಗೊಬ್ಬನಿಗೇ ಮರಾಠಿಯಲ್ಲಿ ಹೇಳಿದರು: ನರಗಳು ಒಂದೊಂದಾಗಿ ಸೋಲುವ ರೋಗ, ಬೆರಳಿನಿಂದ ಶುರುವಾಗಿದೆ, ಮೇಲೆ ಏರುತ್ತದೆ, ಔಷಧವಿಲ್ಲ, ಎರಡು ವರ್ಷ, ಬಹಳವಾದರೆ ಮೂರು. ಗಡಿಯಲ್ಲಿ ಹುಟ್ಟಿದವನಿಗೆ ಎರಡು ಭಾಷೆ ಬರುವುದು ದೊಡ್ಡ ಅನುಕೂಲ ಅನ್ನುತ್ತಾರೆ. ಆ ದಿನ ಮಾತ್ರ ನನಗೆ ಒಂದೇ ಬಂದಿದ್ದರೆ ಸಾಕಿತ್ತು ಅನಿಸಿತು. ಹೊರಗೆ ಬಂದು ತಂಗಿಗೆ, 'ನರದ ನಿಶಕ್ತಿ ಅಂತ, ಟಾನಿಕ್ ಬರದಾರು' ಅಂದೆ. ಅವ್ವನಿಗೂ ಅದನ್ನೇ ಹೇಳಿದೆ. ಸುಳ್ಳು ಹೇಳಬಾರದು ಎಂಬುದು ನಮ್ಮ ಐದು ಅಣುವ್ರತಗಳಲ್ಲಿ ಒಂದು. ನಾವು ಜೈನರು ಅನ್ನುವುದನ್ನು ಮೊದಲೇ ಹೇಳಬೇಕಾಗಿತ್ತು, ಯಾಕೆಂದರೆ ಜಾಯ್‌ಸ್ಟಿಕ್ ಆರಿಸುವುದಕ್ಕೂ ಅದಕ್ಕೂ ಸಂಬಂಧವಿದೆ.

ಟಿ.ವಿ. ಗೇಮ್ ನಮ್ಮ ಮನೆಗೆ ಬಂದದ್ದು ರಿಪೇರಿಯ ನೆಪದಲ್ಲಿ. ಮುಗಳಖೋಡದ ಕಿರಾಣಿ ವ್ಯಾಪಾರಿಯೊಬ್ಬರು ಹೊಗೆ ಬಂದ ಪೆಟ್ಟಿಗೆಯೊಂದನ್ನು ತಂದುಕೊಟ್ಟು, 'ನಮ್ಮ ಮಂದಿ ಇದರ ಮುಂದಿಂದ ಏಳವಲ್ರು, ಇದನ್ನ ನೀವs ಇಟ್ಕೊಂಡಬಿಡ್ರಿ' ಅಂದು ಕೈಮುಗಿದು ಹೋದರು. ಸರಿಮಾಡಿದ ಮೇಲೆ ನೋಡೋಣವೆಂದು ಮನೆಗೆ ಒಯ್ದು ಟಿ.ವಿ.ಗೆ ಹಚ್ಚಿದೆ. ಒಂದು ಸಣ್ಣ ವಿಮಾನ ಕೆಳಗಿನಿಂದ ಮೇಲೆ ಹೋಗುತ್ತಿರುತ್ತದೆ, ಎದುರಿನಿಂದ ಹತ್ತಾರು ವಿಮಾನ ಬರುತ್ತವೆ, ಹೊಡೆಯಬೇಕು ಇಲ್ಲವೆ ತಪ್ಪಿಸಿಕೊಳ್ಳಬೇಕು. ಮೂಲೆಯಲ್ಲಿ ಮೊಣಕಾಲು ಮಡಚಿಕೊಂಡು ಕೂತಿದ್ದ ಕುಸುಮಾ, ತಿರುಗಿ ಬಂದ ಆರು ತಿಂಗಳಲ್ಲಿ ಮೊದಲನೇ ಸಲ, 'ಅಣ್ಣಾ, ನಂಗೊಂದೀಟ ಕೊಡು' ಅಂತ ಏನನ್ನಾದರೂ ಕೇಳಿದಳು.

ಕೊಟ್ಟೆ. ಅದರ ಜೊತೆ ಬಂದಿದ್ದ ಹಿಡಿಕೆ ಅಂಗೈಯಗಲದ್ದು. ಎಡಗಡೆ ಪ್ಲಸ್ ಗುರುತಿನಂಥ ಒಂದು ಗುಂಡಿ, ಬಲಗಡೆ ಎರಡು ಗುಂಡಿ, ಎಲ್ಲ ಕೆಲಸ ಎರಡು ಹೆಬ್ಬೆರಳಿನದೇ. ಆಕೆಯ ಎಡಗೈ ಹೆಬ್ಬೆರಳು ಅದರ ಮೇಲೆ ಜಾರುತ್ತಿತ್ತೇ ಹೊರತು ಒತ್ತುತ್ತಿರಲಿಲ್ಲ. ವಿಮಾನ ಇದ್ದಲ್ಲೇ ನಿಂತು ಮೂರು ಸಲ ಸತ್ತಿತು. 'ಇದು ಹುಡುಗರ ಬೆರಳಿಗೆ ಮಾಡಿದ್ದೈತಿ ಬಿಡು' ಅಂದು ನಗುತ್ತ ಕೆಳಗಿಟ್ಟಳು. ಆ ನಗು ನನಗೆ ಸೇರಲಿಲ್ಲ. ಪ್ರಪಂಚದಲ್ಲಿ ಇಷ್ಟು ಜಾತಿಯ ಹಿಡಿಕೆಗಳಿರುವಾಗ ಇವಳ ಕೈಗೆ ಹೊಂದುವಂಥದ್ದು ಒಂದಿಲ್ಲವೆ ಎಂದು ಹಟ ಬಂತು. ರೋಗದ ಮೇಲೆ ಮಾಡಲಾಗದ ಹಟವನ್ನು ಪ್ಲಾಸ್ಟಿಕ್ಕಿನ ಮೇಲೆ ಮಾಡಿದೆ ಅಂತ ಈಗ ಗೊತ್ತಾಗುತ್ತದೆ.

ನಿಪ್ಪಾಣಿಯಲ್ಲಿ ವಿಡಿಯೊ ಗೇಮ್ ಪಾರ್ಲರೊಂದಿತ್ತು. ಕಪಾಟಿನಂಥ ಮಷಿನ್ನುಗಳು, ಎದೆಯ ಎತ್ತರಕ್ಕೆ ಒಂದು ಕೋಲು, ಕೋಲಿನ ತುದಿಗೆ ಕೆಂಪು ಚೆಂಡು. ಮುಷ್ಟಿಯಲ್ಲಿ ಹಿಡಿದು ದೂಡಿದರಾಯಿತು, ಬೆರಳಿನ ಹಂಗಿಲ್ಲ. ಮೂರು ರವಿವಾರ ಅಲ್ಲಿ ನಿಂತು ಅಭ್ಯಾಸ ಮಾಡಿದೆ. ಮೀಸೆ ಬಂದವನು ನಾಲ್ಕಾಣೆಯನ್ನೂ ಹಾಕದೆ ಕೋಲನ್ನು ಅಲ್ಲಾಡಿಸಿ ಅಲ್ಲಾಡಿಸಿ ನೋಡುವುದನ್ನು ಕಂಡು, ಮಾಲೀಕ ನನಗೆ ಏನೋ ಆಗಿದೆ ಅಂದುಕೊಂಡಿದ್ದ.

ಹಿಡಿಕೆಗಳ ವಿಷಯ ಬಹಳ ಆಳವಾದದ್ದು. ನಮ್ಮ ಹಿರಿಯರು ದೇವರ ಬಗ್ಗೆ ಎಷ್ಟು ಯೋಚಿಸಿದ್ದಾರೋ ಹಿಡಿಕೆಯ ಬಗ್ಗೆಯೂ ಅಷ್ಟೇ ಯೋಚಿಸಿರಬೇಕು. ನೇಗಿಲಿನ ಮೇಳಿ ಗಂಡಸಿನ ಅಂಗೈಗೆ ಸವೆದಿರುತ್ತದೆ, ಬೀಸುಕಲ್ಲಿನ ಗೂಟ ಹೆಂಗಸಿನ ಅಂಗೈಗೆ. ಒಬ್ಬರ ಕುಡಗೋಲು ಇನ್ನೊಬ್ಬರಿಗೆ ಹೊಂದುವುದಿಲ್ಲ. ಹಿಡಿಕೆ ನೋಡಿ ಅದನ್ನು ಯಾರು ಹಿಡಿದಿದ್ದರು ಅಂತ ಹೇಳುವ ಬಡಿಗರನ್ನು ನಾನು ಕಂಡಿದ್ದೇನೆ. ಜಾಯ್‌ಸ್ಟಿಕ್ ಮಾಡಿದವನು ಎಲ್ಲಿಯವನೋ, ಅವನು ಕಣ್ಣೆದುರಿಗೆ ಇಟ್ಟುಕೊಂಡದ್ದು ಯಾರ ಕೈಯೋ ಗೊತ್ತಿಲ್ಲ. ಕುಸುಮಾಳ ಕೈಯಂತೂ ಅಲ್ಲ.

ಪಂಡಿತನಾಗುವ ಮೊದಲು ಪೆದ್ದನಾಗಬೇಕು ಎಂಬ ನಿಯಮಕ್ಕೆ ನಾನೂ ಹೊರತಲ್ಲ. ಮೊದಲು ನಿಪ್ಪಾಣಿಯಲ್ಲೇ ಒಂದನ್ನು ಕೊಂಡೆ. ನೋಡಲಿಕ್ಕೆ ನಿಜವಾದ ವಿಮಾನದ್ದರಂತೆಯೇ ಇತ್ತು, ಬುಡಕ್ಕೆ ನೆಲ ಕಚ್ಚುವ ರಬ್ಬರು ಬಟ್ಟಲು. ಆದರೆ ಗುಂಡು ಹಾರಿಸುವ ಬಟನ್ನು ಕೋಲಿನ ನೆತ್ತಿಯ ಮೇಲೆ. ದೂಡುವ ಕೈಯ ಹೆಬ್ಬೆರಳೇ ಒತ್ತಬೇಕು. ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳು ಒತ್ತುವುದಿಲ್ಲ, ಬಲಗೈಯಲ್ಲಿ ಹಿಡಿದರೆ ದೂಡುವ ಶಕ್ತಿಯಿಲ್ಲ. ಎರಡನೇ ಸಲ ಕೊಲ್ಹಾಪುರಕ್ಕೇ ಹೋದೆ. ಪಾರ್ಲರ್ ಮಷಿನ್ನುಗಳನ್ನು ರಿಪೇರಿ ಮಾಡುವ ಮುದುಕನೊಬ್ಬ ಹಳೆಯ ಭಾಗಗಳನ್ನು ಕೂಡಿಸಿ ಮನೆಯಲ್ಲಿಟ್ಟುಕೊಳ್ಳುವಂಥ ಪೆಟ್ಟಿಗೆಗಳನ್ನು ಮಾಡುತ್ತಿದ್ದ. ನಾನು ಒಂದೊಂದೇ ಎತ್ತಿ ಅಲ್ಲಾಡಿಸಿ ನೋಡುತ್ತಿದ್ದಾಗ ಅವನು ಕನ್ನಡಕದ ಮೇಲಿನಿಂದ ನೋಡಿ, 'ಕೋಣಾಚ್ಯಾ ಹಾತಾಸಾಠಿ ಪಾಹಿಜೆ?' ಅಂದ. ಯಾರ ಕೈಗೆ ಬೇಕು? ಬೆಲೆ ಎಷ್ಟರದು ಬೇಕು ಅಂತ ಕೇಳಲಿಲ್ಲ, ಯಾವ ಆಟಕ್ಕೆ ಅಂತಲೂ ಕೇಳಲಿಲ್ಲ. ನಾನು, 'ಮಾಝ್ಯಾಚ' ಅಂದೆ. ನನ್ನದೇ ಕೈಗೆ. ಅವನು ನನ್ನ ಕೈ ನೋಡಿ ಇದ್ದುದರಲ್ಲೇ ಬಿಗಿಯಾದದ್ದನ್ನು ತೆಗೆದುಕೊಟ್ಟ. ಸುಳ್ಳು ಹೇಳುವುದು ಒಂದು ಸಲ ಶುರುವಾದರೆ ಅಂಗಡಿಕಾರನಿಗೂ ಹೇಳಬೇಕಾಗುತ್ತದೆ.

ಆದರೂ ಪೆಟ್ಟಿಗೆ ಒಳ್ಳೆಯದಿತ್ತು. ಮರದ್ದು, ತೊಡೆಯ ಮೇಲೆ ಕೂಡುವಂಥದ್ದು, ಎಡಗಡೆ ಚೆಂಡಿನ ಕೋಲು, ಬಲಗಡೆ ರೂಪಾಯಿಯಗಲದ ಬಟನ್ನು. ಕುಸುಮಾ ಚೆಂಡನ್ನು ಅಂಗೈಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿ, 'ಬೀಸೂ ಕಲ್ಲಿನ ಗೂಟ ಹಿಡದಂಗ ಐತಿ' ಅಂದಳು. ಆ ಸಂಜೆಯೇ ಹದಿನಾಲ್ಕು ವಿಮಾನ ಹೊಡೆದಳು.

ಇಲ್ಲಿ ಅವ್ವನ ಪ್ರವೇಶ. ಆನೆ, ಒಂಟೆ ಆಕಾರದ ಬಿಸ್ಕೀಟು ನಮ್ಮ ಮನೆಗೆ ಬರುತ್ತಿರಲಿಲ್ಲ. ಸಕ್ಕರೆಯ ಗೊಂಬೆ ತಂದರೆ ಹುಂಜದ ಗೊಂಬೆಯ ಕುತ್ತಿಗೆ ಕಚ್ಚುವ ಹಾಗಿರಲಿಲ್ಲ. ಬಾಯಿಗೆ ಹೋಗುವುದು ಸಕ್ಕರೆಯೇ ಆದರೂ ಕಚ್ಚುವಾಗ ಮನಸ್ಸಿನಲ್ಲಿರುವುದು ಹುಂಜವಲ್ಲವೆ? ಅಂಥ ಮನೆಯಲ್ಲಿ ಮಗಳು ಕೂತು ಢಂ ಢಂ ಅಂತ ಹೊಡೆಯುತ್ತಿದ್ದಾಳೆ. 'ಕೊಲ್ಲಬೇಕಂತ ಮನಸಿನ್ಯಾಗ ಬಂದ್ರ ಮುಗೀತವಾ, ಕೈ ಯಾಕ ಬೇಕು?' ಅಂದಳು ಅವ್ವ. ನಾನು ವಿದ್ಯುಚ್ಛಾಸ್ತ್ರ ತೆಗೆದೆ. ಅದು ವಿಮಾನವಲ್ಲ, ಗಾಜಿನ ಹಿಂದಿನ ಬೆಳಕಿನ ಚುಕ್ಕೆ, ಚುಕ್ಕೆಯಲ್ಲಿ ಜೀವವಿಲ್ಲ ಅಂದೆ. 'ಚುಕ್ಕಿಯೊಳಗ ಇರಲಿಕ್ಕಿಲ್ಲ, ಹೊಡಿಯಾಕಿ ಒಳಗ ಐತೆಲ್ಲ' ಅಂದಳು.

ಕುಸುಮಾ ಮಾತ್ರ ಹೊಡೆಯುತ್ತಲೇ ಇದ್ದಳು. ಅವ್ವ ದೇವರ ದರ್ಶನಕ್ಕೆ ಬಸ್ತಿಗೆ ಹೋದಾಗಂತೂ ಹಬ್ಬ. ಎದುರು ಬಂದ ವಿಮಾನಗಳಿಗೆಲ್ಲ ಹೆಸರಿಟ್ಟಿದ್ದಳು. 'ಈಕಿ ಅತ್ತಿ. ಇಂವಾ ಮೈದುನ. ಈ ದೊಡ್ಡದು ಐತೆಲ್ಲ ಅಣ್ಣಾ, ಇಂವಾ ಮನೆಯಾಂವಾ.' ಆ ದೊಡ್ಡದನ್ನು, ಅಂದರೆ ಗಂಡನನ್ನು, ಹೊಡೆಯಲು ಒಂದೇ ಸಮನೆ ಹತ್ತಿಪ್ಪತ್ತು ಗುಂಡು ಬೇಕಾಗುತ್ತಿದ್ದವು. ಆಕೆ ಒಂದನ್ನೂ ಕಡಿಮೆ ಮಾಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ಆಕೆಯ ಮುಖದ ಮೇಲೆ ಬರುತ್ತಿದ್ದ ಕಳೆಯನ್ನು ನೋಡಿ, ಹಿಂಸೆಯಲ್ಲೂ ಆರೋಗ್ಯ ಇದೆ ಎಂಬ ಅಧರ್ಮದ ವಿಚಾರ ನನಗೆ ಬಂದದ್ದು ಸುಳ್ಳಲ್ಲ.

ಮೂರನೇ ತಿಂಗಳಿಗೆ ಕೋಲು ಬಿಗಿಯಾಯಿತು. ಕೋಲು ಇದ್ದ ಹಾಗೆಯೇ ಇತ್ತು, ಕೈ ಇಳಿದಿತ್ತು. ವಿಮಾನ ತಡವಾಗಿ ಸರಿಯತೊಡಗಿದ್ದನ್ನು ನಾನು ಗಮನಿಸಿದೆ. ಕುಸುಮಾ ಅವ್ವನ ಜೊತೆ ಬಸ್ತಿಗೆ ಹೋದ ಒಂದು ಬೆಳಿಗ್ಗೆ ಪೆಟ್ಟಿಗೆಯ ನಾಲ್ಕು ಸ್ಕ್ರೂ ಬಿಚ್ಚಿ, ಕೋಲನ್ನು ನೆಟ್ಟಗೆ ನಿಲ್ಲಿಸುವ ಸ್ಪ್ರಿಂಗನ್ನು ತೆಗೆದು, ಟೇಪ್‌ರೆಕಾರ್ಡರಿನ ಒಂದು ಮೆತ್ತನೆಯ ಸ್ಪ್ರಿಂಗ್ ಹಾಕಿ ಮುಚ್ಚಿದೆ. ಸಂಜೆ ಆಡುತ್ತ ಕುಸುಮಾ, 'ಅಣ್ಣಾ, ಟಾನಿಕ್ ಹತ್ತಾಕತ್ತೈತಿ ಕಾಣ್ತೈತಿ. ಕೈ ಹಗೂರ ಬರ್ತೈತಿ' ಅಂದಳು. ನನ್ನ ಆಯುಷ್ಯದಲ್ಲಿ ನಾನು ಮಾಡಿದ ಯಾವ ರಿಪೇರಿಯೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ. ಅಲ್ಲಿಂದ ಮುಂದೆ ತಿಂಗಳಿಗೊಂದು ಸ್ಪ್ರಿಂಗ್. ತೆಗೆದ ಸ್ಪ್ರಿಂಗುಗಳನ್ನು ಒಂದು ಡಬ್ಬಿಯಲ್ಲಿ ಹಾಕುತ್ತ ಹೋದೆ. ಮೊದಲನೆಯದು ಪೆನ್ಸಿಲ್ಲಿನಷ್ಟು ದಪ್ಪ, ಕೊನೆಯದು ಬಾಲ್‌ಪೆನ್ನಿನೊಳಗಿನದು. ಡಾಕ್ಟರರ ಫೈಲಿನಲ್ಲಿ ಇರದ ವರದಿ ಆ ಡಬ್ಬಿಯಲ್ಲಿತ್ತು.

ಅಷ್ಟರಲ್ಲಿ ಚಾತುರ್ಮಾಸ ಬಂತು. ಮಳೆಗಾಲದ ಆ ನಾಲ್ಕು ತಿಂಗಳು ನಮ್ಮವರು ಏನಾದರೊಂದನ್ನು ಬಿಡುತ್ತಾರೆ. ಒಬ್ಬರು ಸೊಪ್ಪು ಬಿಡುತ್ತಾರೆ, ಒಬ್ಬರು ಬೆಲ್ಲ, ಒಬ್ಬರು ಚಪ್ಪಲಿ. ನಾನು ಪ್ರತಿ ವರ್ಷ ಹಾಗಲಕಾಯಿ ಬಿಡುತ್ತಿದ್ದೆ. ಅದು ನನಗೆ ಮೊದಲೇ ಸೇರುತ್ತಿರಲಿಲ್ಲ ಎಂಬುದು ಅವ್ವನಿಗೂ ಗೊತ್ತಿತ್ತು, ಬಹುಶಃ ತೀರ್ಥಂಕರರಿಗೂ. ಕುಸುಮಾ ಮಾತ್ರ ಆ ವರ್ಷ ಎಲ್ಲರನ್ನೂ ಬೆರಗುಗೊಳಿಸಿದಳು. ಮೊದಲು ರೊಟ್ಟಿ ಬಿಟ್ಟಳು, ಬರೀ ಮೆತ್ತನೆಯ ಅನ್ನ. ಆಮೇಲೆ ಜಡೆ ಹೆಣೆದುಕೊಳ್ಳುವುದನ್ನು ಬಿಟ್ಟು, 'ಅಲಂಕಾರ ಬ್ಯಾಡ' ಅಂದು ತುರುಬು ಕಟ್ಟಿಸಿಕೊಂಡಳು. ಹೂ ಕಟ್ಟುವುದನ್ನು ಬಿಟ್ಟಳು, ಹೂವಿಗೆ ನೋವಾಗುತ್ತದೆ ಅಂತ. ಕೊನೆಗೆ ಒಂದು ದಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, 'ಅವ್ವಾ, ಇವತ್ತಿನಿಂದ ಗುಂಡು ಹೊಡಿಯೂದು ಬಿಟ್ಟೆ' ಅಂದಳು.

ಅವ್ವನ ಕಣ್ಣಲ್ಲಿ ನೀರು ಬಂತು. ಆಮೇಲಿನ ಆಟವೇ ಬೇರೆ. ಕುಸುಮಾಳ ವಿಮಾನ ಒಂದು ಗುಂಡನ್ನೂ ಹಾರಿಸದೆ, ಬರುವ ವಿಮಾನಗಳ ನಡುವೆ ಜಾಗ ಹುಡುಕುತ್ತ, ಪಕ್ಕಕ್ಕೆ ಸರಿಯುತ್ತ, ತಪ್ಪಿಸಿಕೊಳ್ಳುತ್ತ ಮೇಲೆ ಹೋಗುತ್ತಿತ್ತು. ಅಂಕ ಸೊನ್ನೆ. ಓಣಿಯ ಹೆಂಗಸರು ಅದನ್ನು ನೋಡಲೆಂದೇ ಮಧ್ಯಾಹ್ನ ಬಂದು ಕೂಡುತ್ತಿದ್ದರು. 'ಎಂಥಾ ಜೀವ ನೋಡ್ರಿ, ಅತ್ತಿಮನಿಯವರು ಇಷ್ಟ ಕಷ್ಟ ಕೊಟ್ಟರೂ ಯಾರನ್ನೂ ಹೊಡಿಯಾಕ ಒಲ್ಲಳು' ಅಂತ ಅವ್ವ ಹೇಳಿಕೊಳ್ಳುತ್ತಿದ್ದಳು. ಮಗಳನ್ನು ಗಂಡನ ಮನೆಯವರು ಬಿಟ್ಟರು ಎಂದು ತಲೆ ತಗ್ಗಿಸಿ ಬಸ್ತಿಗೆ ಹೋಗುತ್ತಿದ್ದ ಅವ್ವ, ಮಗಳೇ ಎಲ್ಲ ಬಿಟ್ಟಳು ಎಂದು ತಲೆ ಎತ್ತಿ ಹೋಗತೊಡಗಿದಳು. ನನಗೆ ಮಾತ್ರ ಸಿಟ್ಟು. ಹೆಸರಿಟ್ಟು ಹೊಡೆಯುತ್ತಿದ್ದ ಆ ನನ್ನ ತಂಗಿ ಎಲ್ಲಿ ಹೋದಳು? 'ಏನವಾ, ಇನ್ನ ದೀಕ್ಷಾ ತಗೊಂಡು ಮಾತಾಜಿ ಆಗಿ ನವಿಲಗರಿ ಪಿಂಛಿ ಹಿಡಿಯೂದ ಒಂದ ಉಳೀತು ನೋಡು' ಅಂತ ಛೇಡಿಸುತ್ತಿದ್ದೆ. ಆಕೆ ನಗುತ್ತಿದ್ದಳು.

ದೀಪಾವಳಿ ಬಂತು. ಭಗವಾನ್ ಮಹಾವೀರರು ಮೋಕ್ಷಕ್ಕೆ ಹೋದ ದಿನ, ನಸುಕಿನಲ್ಲಿ ಬಸ್ತಿಯಲ್ಲಿ ಲಾಡು ಅರ್ಪಿಸುವ ದಿನ. ಅಲ್ಲಿಗೆ ಹೆಚ್ಚಿನವರ ನೇಮ ಮುಗಿಯುತ್ತದೆ. ಹಿಂದಿನ ದಿನವೇ ನಾನು ಪೆಟ್ಟಿಗೆಯ ದೊಡ್ಡ ಬಟನ್ನನ್ನು ಕಿತ್ತು, ಮುಟ್ಟಿದರೆ ಸಾಕು ಇಳಿಯುವಂಥ ಬಟನ್ನೊಂದನ್ನು ಹಾಕಿ ತಯಾರಿ ಮಾಡಿಟ್ಟಿದ್ದೆ. ಬಸ್ತಿಯಿಂದ ಬಂದ ಮೇಲೆ, ಅವ್ವ ಅಡುಗೆ ಮನೆಯಲ್ಲಿದ್ದಾಗ, ಅದನ್ನು ತಂಗಿಯ ತೊಡೆಯ ಮೇಲಿಟ್ಟು ಟಿ.ವಿ. ಹಚ್ಚಿದೆ.

'ನೇಮ ಮುಗೀತು. ಹೊಡಿ ಇನ್ನ. ಮನೆಯಾಂವಾ ಬರಾಕತ್ತಾನ ನೋಡು.'

'ಬ್ಯಾಡೋ ಅಣ್ಣಾ. ಇದು ಜನ್ಮಕ್ಕ ಬಿಟ್ಟದ್ದು.'

'ಜನ್ಮಕ್ಕಂತ ಜನ್ಮಕ್ಕ! ಯಾರ ಮುಂದ ನಾಟಕ ಮಾಡ್ತಿ? ನಾಕ ಮಂದಿ ಹೊಗಳಿದ್ರು ಅಂತ ಉಬ್ಬಿ ಕುಂತಿಯೇನು?' ಅಂದೆ. ಅಂದವನು ನಾನೇ. ಅಂದು ಸುಮ್ಮನಾಗದೆ ಆಕೆಯ ಬಲಗೈ ಹಿಡಿದೆಳೆದು, ಹೆಬ್ಬೆರಳನ್ನು ಬಟನ್ನಿನ ಮೇಲೆ ಇಟ್ಟುಬಿಟ್ಟೆ.

ಬೆರಳು ಅಲ್ಲಿ ಹಾಗೇ ಇತ್ತು. ಇಟ್ಟಲ್ಲಿ ಇಟ್ಟ ಹಾಗೆ. ನೊಣ ಕೂತರೂ ಇಳಿಯುತ್ತದೆ ಎಂದು ನಾನು ಹೆಮ್ಮೆಪಟ್ಟಿದ್ದ ಬಟನ್ನು ಇಳಿಯಲಿಲ್ಲ. ದೊಡ್ಡ ವಿಮಾನ ಬಂತು, ನಮ್ಮದನ್ನು ಹೊಡೆಯಿತು, ಆಟ ಮುಗಿಯಿತು, ಸಂಗೀತವೂ ನಿಂತಿತು. ಆಗ ರೊಟ್ಟಿ ನೆನಪಾಯಿತು. ಮುರಿಯಲಿಕ್ಕೆ ಬೆರಳು ಬೇಕು. ಜಡೆಗೆ ಬೆರಳು ಬೇಕು, ಹೂ ಕಟ್ಟಲಿಕ್ಕೆ ಬೇಕು. ಬಿಟ್ಟದ್ದು ಆಕೆಯಲ್ಲ, ಕೈ ಆಕೆಯನ್ನು ಒಂದೊಂದಾಗಿ ಬಿಡುತ್ತಿತ್ತು. ಬಿಟ್ಟದ್ದಕ್ಕೆಲ್ಲ ಆಕೆ ವ್ರತದ ಹೆಸರಿಟ್ಟು ಮನೆಗೆ ಮಾನ ತಂದಿದ್ದಳು. ಬೇರೆ ಯಾರ ಮನೆಯಲ್ಲಾದರೂ ಹುಡುಗಿ ಊಟ, ಜಡೆ, ಹೂ ಒಂದೊಂದಾಗಿ ಬಿಡತೊಡಗಿದರೆ ಏನಾಗಿದೆ ಎಂದು ಗಾಬರಿಯಾಗುತ್ತಿದ್ದರು. ನಾವು ಕೈಮುಗಿದೆವು.

'ಅವ್ವಗ ಹೇಳಬ್ಯಾಡ' ಅಂದಳು ಕುಸುಮಾ.

ಅಡುಗೆ ಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಮತ್ತೆ ಅಂದಳು: 'ನೀ ತಿಂಗಳ ತಿಂಗಳಾ ಸ್ಪ್ರಿಂಗ್ ಸಡಿಲ ಮಾಡಿದ್ದು ನಾ ಯಾರಿಗರ ಹೇಳೀನೇನು?'

ಮಿರಜಿನ ಬೆಂಚಿನ ಮೇಲೆ ಕೂತಿದ್ದಾಗಲೇ ಆಕೆಗೆ ಎಲ್ಲ ಕೇಳಿಸಿತ್ತಂತೆ. ಮರಾಠಿ ಆಕೆಗೂ ಬರುತ್ತದೆ ಎಂಬುದನ್ನು ನಾನು ಹೇಗೆ ಮರೆತಿದ್ದೆನೋ. ಟಾನಿಕ್ ಹತ್ತಾಕತ್ತೈತಿ ಅಂತ ಆಕೆ ಹೇಳಿದ್ದು ನನ್ನ ಸಮಾಧಾನಕ್ಕೆ. ಆಕೆಗೆ ಗೊತ್ತಾಗಬಾರದು ಅಂತ ನಾನು ಸ್ಪ್ರಿಂಗು ಸಡಿಲಿಸುತ್ತಿದ್ದೆ, ನಮಗೆ ಗೊತ್ತಾಗಬಾರದು ಅಂತ ಆಕೆ ನೇಮ ಹಿಡಿಯುತ್ತಿದ್ದಳು. ಆ ಬೆಳಿಗ್ಗೆ ನಾನು ಗೋಡೆಯ ಕಡೆ ಮುಖಮಾಡಿ ಅತ್ತೆ. ಆಕೆ ಅಳಲಿಲ್ಲ. 'ಎದ್ದು ಟಿ.ವಿ. ಆರಿಸು, ಅವ್ವ ಲಾಡು ತರಾಕತ್ತಾಳ' ಅಂದಳು.

ಮುಂದಿನ ಚಾತುರ್ಮಾಸಕ್ಕೆ ಕುಸುಮಾ ಇರಲಿಲ್ಲ. ಕೊನೆಯ ತಿಂಗಳುಗಳಲ್ಲಿ ಕೋಲನ್ನು ನಾನು ಹಿಡಿದಿರುತ್ತಿದ್ದೆ, ಆಕೆ ಮಲಗಿದಲ್ಲಿಂದಲೇ 'ಎಡಕ್ಕ, ಎಡಕ್ಕ' ಅನ್ನುತ್ತಿದ್ದಳು. ಗುಂಡು ಮಾತ್ರ ಹೊಡೆಯಗೊಡಲಿಲ್ಲ. ನೇಮ ನೇಮವೇ. ಶುರುವಾದದ್ದು ಹೇಗೋ, ಕೊನೆಗೆ ಅದು ನಿಜವಾದ ನೇಮವೇ ಆಗಿತ್ತು ಅಂತ ನಾನು ನಂಬಿದ್ದೇನೆ. ಅಥಣಿಯವರು ಅಂತ್ಯಕ್ರಿಯೆಗೆ ಬಂದು, ಒಳ್ಳೆಯ ಹುಡುಗಿ ಅಂದು, ಈ ಸಲ ಚಹಾ ಕುಡಿಯದೆ ಹೋದರು.

ಅವ್ವ ಆ ಪೆಟ್ಟಿಗೆಯನ್ನು ಒರೆಸಿ ಗೋಡೆಯ ಗೂಡಿನಲ್ಲಿ, ಸ್ವಾಧ್ಯಾಯದ ಪುಸ್ತಕಗಳ ಪಕ್ಕದಲ್ಲಿ ಇಟ್ಟಳು. ಬಂದವರಿಗೆಲ್ಲ ತೋರಿಸಿ, 'ನನ್ನ ಮಗಳು ಹಿಂಸಾ ಬಿಟ್ಟದ್ದು ಇದರಾಗs' ಅನ್ನುತ್ತಿದ್ದಳು. ನಾನು ಹೌದೆಂದು ತಲೆಯಾಡಿಸುತ್ತಿದ್ದೆ. ಸತ್ಯವೂ ಅಣುವ್ರತ, ಅಹಿಂಸೆಯೂ ಅಣುವ್ರತ. ಎರಡೂ ಒಂದೇ ಬಾಗಿಲಲ್ಲಿ ಎದುರುಬದುರಾದರೆ ಯಾರು ದಾರಿ ಬಿಡಬೇಕು ಎಂದು ಬಸ್ತಿಯಲ್ಲಿ ಕೇಳಲು ನನಗೆ ಧೈರ್ಯವಾಗಲಿಲ್ಲ. ನಾನಂತೂ ಸತ್ಯವನ್ನೇ ಪಕ್ಕಕ್ಕೆ ಸರಿಸಿದೆ.

ಎರಡು ವರ್ಷದ ನಂತರ ಒಂದು ಮಧ್ಯಾಹ್ನ ಅವ್ವ ಗೂಡು ಒರೆಸುತ್ತಿದ್ದಳು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೋಲನ್ನು ಮುಟ್ಟಿದಳು. ಅದು ಮುಟ್ಟಿದ ಕಡೆಗೇ ವಾಲಿತು. ಆಮೇಲೆ ತನ್ನ ಹೆಬ್ಬೆರಳನ್ನು ಬಟನ್ನಿನ ಮೇಲಿಟ್ಟಳು. ಟಕ್ ಅಂತು. ಇನ್ನೊಮ್ಮೆ ಇಟ್ಟಳು. ಟಕ್.

'ಧನಪಾಲಾ, ಇದು ಇಷ್ಟ ಹಗೂರ ಐತಿ?'

'ಹೌದಬೇ. ನಾನs ಮಾಡಿದ್ದೆ. ದೀಪಾವಳಿ ಹಿಂದಿನ ದಿನ.'

'ಆಮ್ಯಾಲೂ ಆಕಿ ಒತ್ತಲಿಲ್ಲ.'

'ಇಲ್ಲಬೇ.'

ಅವ್ವ ತನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿದಳು. ಆಕೆಗೆ ತಿಳಿಯಿತು ಎಂಬುದು ನನಗೆ ತಿಳಿಯಿತು. ನಾನು ಬಾಯಿ ತೆರೆಯುವ ಮೊದಲೇ, 'ನೇಮ ಇತ್ತಲ್ಲ ಆಕೀದು' ಅಂದು ಪೆಟ್ಟಿಗೆಯನ್ನು ಗೂಡಿಗೆ ಏರಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮರುದಿನ ಕೊಗನೊಳ್ಳಿಯಿಂದ ಬಂದ ನೆಂಟರಿಗೆ ಅದೇ ಕಥೆಯನ್ನು ಅದೇ ಹೆಮ್ಮೆಯಿಂದ ಹೇಳಿದಳು. ಒಂದೇ ವ್ಯತ್ಯಾಸ, ಆ ಸಲ ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಈಗಲೂ ಅಂಗಡಿಗೆ ಬಂದವರು, ಮನೆಗೊಂದು ಜಾಯ್‌ಸ್ಟಿಕ್ ತಗೋಬೇಕು, ಯಾವುದು ಛಲೋ ಅಂತ ಕೇಳುತ್ತಾರೆ. ಚೆಂಡಿನ ಕೋಲು ಒಳ್ಳೆಯದೋ ಉದ್ದ ಹಿಡಿಕೆಯದೋ, ಬಟನ್ನು ಎಲ್ಲಿರಬೇಕು, ಎಲ್ಲ ಹೇಳಬಲ್ಲೆ. ಆದರೆ ಕೊಲ್ಹಾಪುರದ ಮುದುಕನ ಪ್ರಶ್ನೆಯನ್ನೇ ಮೊದಲು ಕೇಳುತ್ತೇನೆ. ಯಾರ ಕೈಗೆ? ಉತ್ತರ ನಿಜವಾಗಿ ಹೇಳಿ. ಮತ್ತು ಅಂಗಡಿಯಲ್ಲಿ ನಿಮ್ಮ ಹೆಬ್ಬೆರಳಿನಿಂದ ಒತ್ತಿ ನೋಡಿ ಹಗುರ ಇದೆ ಅನ್ನಬೇಡಿ.